ಮಾಸ್ತರ ಮನಿ ಅರ್ಧ ಸಾಲಿ

ರೋಣ ತಾಲೂಕಿನ ಹಳ್ಳಿಯೊಂದರಿಂದ ಓದುಗರೊಬ್ಬರು ಬರೆದಿದ್ದಾರೆ:

"ಕನ್ನಡ ಶಾಲೆಯ ಮಾಸ್ತರರಾಗಿದ್ದ ನಮ್ಮ ಅಪ್ಪ 93ನೆಯ ವಯಸ್ಸಿಗೆ ತೀರಿಕೊಂಡರು. ಅವರ ನೆನಪಿಗೆ ನಾನು ಬರೆದು ಕಳಿಸಿದ್ದು ಹೋದ ಸಂಚಿಕೆಯಲ್ಲಿ ಬಂತು. ಊರವರೆಲ್ಲ ಓದಿದರು, ಸಂತೋಷ. ಆದರೆ ನಾನು ಬರೆದದ್ದು ಆರು ಪುಟ, ನೀವು ಹಾಕಿದ್ದು ಎರಡು ಪುಟ. ಶಾಲೆಯ ಮಾತು ಉಳಿದಿತ್ತು, ಮನೆಯ ಮಾತು ಒಂದೂ ಇರಲಿಲ್ಲ. ಓದಿ ಮುಗಿಸಿದ ನನ್ನ ತಮ್ಮ, 'ಅಕ್ಕಾ, ಇದರಾಗ ಅವ್ವ ಎಲ್ಲಿ ಹೋದ್ಳು?' ಎಂದು ಕೇಳಿದ. ನಾನು ಸುಮ್ಮನೆ ಕುಳಿತೆ. ನೀವು ಏನು ಹೇಳುತ್ತೀರಿ?"

ಸಂಪಾದಕರ ಉತ್ತರ:

ಅಕ್ಕಾವರಿಗೆ ಶರಣು.

ನಿಮ್ಮ ತಮ್ಮನವರ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿಲ್ಲ, ಕ್ಷಮೆ ಕೇಳುವುದಷ್ಟೇ ಇದೆ. ಜಾಗ ಸಾಲಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಜಾಗ ಇತ್ತು. 'ಆದರ್ಶ ಶಿಕ್ಷಕ' ಎಂಬ ತಲೆಬರಹ ಮೊದಲೇ ನನ್ನ ಮನಸ್ಸಿನಲ್ಲಿ ಕುಳಿತಿತ್ತು. ಅದಕ್ಕೆ ಹೊಂದದ ಸಾಲುಗಳನ್ನೆಲ್ಲ ಕೆಂಪು ಪೆನ್ನಿನಿಂದ ಹೊಡೆಯುತ್ತ ಹೋದವನು ನಾನೇ. ನಿಮ್ಮ ಕಾಗದ ಬಂದ ದಿನ ರಾತ್ರಿ ಫೈಲಿನಿಂದ ಆ ಆರು ಪುಟ ತೆಗೆದು ಮತ್ತೆ ಓದಿದೆ. ಏನು ಹೊಡೆದಿದ್ದೆ ಎಂಬುದನ್ನು ಓದುಗರ ಮುಂದೆಯೇ ಹೇಳಬೇಕು.

ನಮ್ಮ ಕಡೆಯ ಹಳ್ಳಿಗಳಲ್ಲಿ ಅರವತ್ತು ದಾಟಿದವರನ್ನು ಜನ್ಮತಾರೀಖು ಕೇಳಿ ನೋಡಿ, ಬಹಳ ಮಂದಿ ಜೂನ್ 1 ಎನ್ನುತ್ತಾರೆ. ಹುಟ್ಟಿದ ದಿನ ಬರೆದಿಡುವ ರೂಢಿ ಇರಲಿಲ್ಲ. ಶಾಲೆ ತೆರೆಯುವ ತಿಂಗಳ ಮೊದಲ ತಾರೀಖನ್ನೇ ಮಾಸ್ತರರು ರಜಿಸ್ಟರಿಗೆ ಹಾಕಿ ಮುಂದಿನ ಹುಡುಗನನ್ನು ಕರೆಯುತ್ತಿದ್ದರು. ನಿಮ್ಮ ಅಪ್ಪ ಹಾಗೆ ಮಾಡಲಿಲ್ಲ. ಮಗುವನ್ನು ಕೈಹಿಡಿದು ತಂದ ತಾಯಿಗೆ "ಯಾವಾಗ ಹುಟ್ಟ್ಯಾನವಾ?" ಎಂದು ಕೇಳುವರು. "ನಾಗರಪಂಚಮಿ ಆಗಿ ಮೂರ ದಿನಕ್ಕ್ರೀ, ಬೆಣ್ಣಿಹಳ್ಳ ಬಂದಿತ್ತಲ್ರೀ, ಆ ವರ್ಷ" ಎಂದು ಆಕೆ ಹೇಳುವಳು. ಅವರು ಹಳೆಯ ಪಂಚಾಂಗಗಳ ಗಂಟು ಬಿಚ್ಚಿ, ತಿಥಿ ಹುಡುಕಿ, ತಾರೀಖು ತೆಗೆದು ಬರೆಯುವರು. ಇಷ್ಟನ್ನು ನಾವು ಅಚ್ಚು ಹಾಕಿದೆವು, ಓದುಗರು ಮೆಚ್ಚಿದರು.

ಆ ಪ್ಯಾರಾದ ಕೊನೆಯ ನಾಲ್ಕು ಸಾಲು ನಾನು ಹೊಡೆದುಹಾಕಿದ್ದೆ. ಹಳ್ಳಕ್ಕೆ ಮಹಾಪೂರ ಬಂದದ್ದು ಯಾವ ವರ್ಷ ಎಂಬುದು ಪಂಚಾಂಗದಲ್ಲಿ ಇರುವುದಿಲ್ಲ. ಅದು ನಿಮ್ಮ ಅವ್ವನಿಗೆ ಗೊತ್ತಿತ್ತು. ಅಡಿಗೆಮನೆಯಿಂದಲೇ ಅವರು, "ಅದು ಆ ವರ್ಷ ಅಲ್ಲ, ಅದರ ಹಿಂದಿನ ವರ್ಷ. ಆಕಿ ಕುಬಸಕ್ಕ ನಾ ಹೋಗಿದ್ನೆಲ್ಲಾ, ನಮ್ಮ ದೊಡ್ಡಾಕಿ ಆಗ ತೊಟ್ಟಿಲದಾಗ ಇದ್ಲು" ಎನ್ನುತ್ತಿದ್ದರಂತೆ. ಊರಿನ ಬಸುರಿಯರ ಕುಬಸ, ಕೂಸುಗಳ ತೊಟ್ಟಿಲು, ಜವಳಕ್ಕೆಲ್ಲ ಹೋಗಿ ಬಂದ ಹೆಂಗಸಿನ ತಲೆಯಲ್ಲಿ ಇಡೀ ಊರಿನ ಹುಟ್ಟಿದ ವರ್ಷ ಕೂತಿತ್ತು. ರಜಿಸ್ಟರಿನಲ್ಲಿ ಅಕ್ಷರ ಅವರದು, ವರ್ಷ ಇವರದು. ನಾನು ಅಕ್ಷರ ಉಳಿಸಿಕೊಂಡು ವರ್ಷ ಕಿತ್ತುಹಾಕಿದೆ.

ಇನ್ನೊಂದು ಕಡೆ ನೀವು ನಿಮ್ಮ ಸಿಟ್ಟು ಬರೆದಿದ್ದಿರಿ. ನಿಮ್ಮನ್ನು ಒಂದನೆಯ ಇಯತ್ತೆಗೆ ಹಾಕುವಾಗ ವಯಸ್ಸು ಎರಡು ತಿಂಗಳು ಕಡಿಮೆ ಬಿದ್ದಿತ್ತು. ಊರಿನ ಯಾವ ಮಾಸ್ತರರಾದರೂ ಮಗಳಿಗಾಗಿ ಒಂದು ಅಂಕಿ ತಿದ್ದುತ್ತಿದ್ದರು. ನಿಮ್ಮ ಅಪ್ಪ ತಿದ್ದಲಿಲ್ಲ. ಓರಗೆಯ ಗೆಳತಿಯರೆಲ್ಲ ಪಾಟಿ ಹಿಡಿದು ಹೋದರು, ನೀವು ವರ್ಷವಿಡೀ ಕಟ್ಟೆಯ ಮೇಲೆ ಕುಳಿತು ಅವರನ್ನು ನೋಡಿದಿರಿ. "ಆ ಸಿಟ್ಟು ನನಗ ಇನ್ನೂ ಹೋಗಿಲ್ಲ" ಎಂದು ಬರೆದಿದ್ದಿರಿ. ತೀರಿಕೊಂಡವರ ಮೇಲೆ ಇಂಥದ್ದೇಕೆ ಎಂದು ಅದನ್ನೂ ತೆಗೆದೆ. ಈಗ ಓದಿದಾಗ ಅನ್ನಿಸಿದ್ದೇ ಬೇರೆ. ಶಾಲೆಯ ಗೆರೆಯನ್ನು ಮನೆಯ ಹೊಸ್ತಿಲವರೆಗೂ ಎಳೆದ ಮನುಷ್ಯ ಅವರು. ಅದರ ಖರ್ಚು ಬಿದ್ದದ್ದು ಆರು ವರ್ಷವೂ ತುಂಬದ ಮಗಳ ಮೇಲೆ. ಆ ಖರ್ಚು ಮುಚ್ಚಿಟ್ಟು ಅವರ ಪ್ರಾಮಾಣಿಕತೆಯನ್ನು ಮಾತ್ರ ಹೊಗಳಿದರೆ ನಿಮಗೆ ಎರಡನೆಯ ಸಲ ಅನ್ಯಾಯವಾಗುತ್ತದೆ.

ಈ ಚಾಳಿ ನನ್ನೊಬ್ಬನದೇ ಅಲ್ಲ ಅಕ್ಕಾ. ಧಾರವಾಡ ಸೀಮೆಯವರಾದ ನಾವು ಮಾಸ್ತರರನ್ನು ನೆನೆಯುವುದೇ ಹೀಗೆ. ಶಿಕ್ಷಣ ಇಲಾಖೆಯ ಅಧಿಕಾರಿಯಾಗಿದ್ದ ಡೆಪ್ಯುಟಿ ಚೆನ್ನಬಸಪ್ಪನವರು ಮರಾಠಿ ಶಾಲೆಗಳೇ ತುಂಬಿದ್ದ ಕಾಲದಲ್ಲಿ ಕನ್ನಡ ಶಾಲೆ ತೆರೆಸುತ್ತ ಊರೂರು ತಿರುಗಿದರು. 1834ರಲ್ಲಿ ಹುಟ್ಟಿ 1881ರಲ್ಲಿ, ಐವತ್ತು ಕೂಡ ತುಂಬದೆ ಹೋದರು. ಹಾವೇರಿ ಕಡೆಯ ಗಳಗನಾಥರು ಮಾಸ್ತರಿಕೆ ಮಾಡಿದವರು, ಕಾದಂಬರಿ ಬರೆದು ಪುಸ್ತಕದ ಗಂಟು ಹೊತ್ತು ಊರೂರಿಗೆ ನಡೆದು ಮಾರಿದರು. ಶಿಶುನಾಳದ ಶರೀಫಜ್ಜ ಕೂಡ ಮುಲ್ಕಿ ಪಾಸಾಗಿ ಕೆಲವು ಕಾಲ ಮಾಸ್ತರರಾಗಿದ್ದವರೇ. ಇವರ ಬಗ್ಗೆ ನಾನೂ ವರ್ಷ ವರ್ಷ ಬರೆದಿದ್ದೇನೆ. ಅವರು ದಣಿದು ಬಂದಾಗ ಬಾಗಿಲು ತೆಗೆದವರು ಯಾರು, ತಾಟಿಗೆ ಬಡಿಸಿದವರು ಯಾರು ಎಂದು ಒಂದು ಸಲವೂ ಬರೆದಿಲ್ಲ.

ಮುಲ್ಕಿ ಎಂದೆ, ಇಂದಿನ ಹುಡುಗರಿಗೆ ಆ ಮಾತು ಗೊತ್ತಿರಲಿಕ್ಕಿಲ್ಲ. 1956ರವರೆಗೆ ನಾವು ಮುಂಬಯಿಗೆ ಸೇರಿದ್ದೆವು. ಆಗಿನ ಏಳನೆಯ ಇಯತ್ತೆಯ ದೊಡ್ಡ ಪರೀಕ್ಷೆಯೇ ಮುಲ್ಕಿ. ಅದನ್ನು ದಾಟಿದ ಹುಡುಗ ಮಾಸ್ತರನಾಗಬಹುದಿತ್ತು, ಧಾರವಾಡಕ್ಕೆ ಹೋಗಿ ಟ್ರೇನಿಂಗ್ ಕಾಲೇಜು ಮುಗಿಸಿದರೆ ನೌಕರಿ ಗಟ್ಟಿ. ನಿಮ್ಮ ಅಪ್ಪ ಹಾಗೇ ಬಂದವರು. ಮುಂದೆ ಹೆಸರು ಬದಲಾದರೂ ಹಳ್ಳಿಯ ಜನ ಏಳನೆಯ ಇಯತ್ತೆಯ ಪರೀಕ್ಷೆಗೆ ಮುಲ್ಕಿ ಎಂದೇ ಅಂದರು. ಪರೀಕ್ಷೆಗೆ ಎರಡು ತಿಂಗಳಿರುವಾಗ ಹುಡುಗರು ಹಾಸಿಗೆ ಸುತ್ತಿಕೊಂಡು ಮಾಸ್ತರರ ಮನೆಗೇ ಬರುತ್ತಿದ್ದರು. ರಾತ್ರಿ ಅಭ್ಯಾಸ, ಬೆಳಗಿನ ಜಾವ ಮತ್ತೆ ಅಭ್ಯಾಸ.

ನಿಮ್ಮ ಮನೆಯ ಪಡಸಾಲೆಯಲ್ಲಿ ಒಂದು ವರ್ಷ ಒಂಬತ್ತು ಹುಡುಗರು ಮಲಗಿದ್ದರು ಎಂಬುದನ್ನು ಉಳಿಸಿದ್ದೆ. ಅದರ ಕೆಳಗಿದ್ದದ್ದನ್ನು ಹೊಡೆದಿದ್ದೆ. ಸಂಜೆಗೆ ಮೂರು ಕಂದೀಲಿನ ಗಾಜು ಬೂದಿ ಹಚ್ಚಿ ಒರೆಸಿಡುವುದು ಅವ್ವನ ಕೆಲಸ. ಮನೆಯಿಂದ ಬುತ್ತಿ ತರದ ಹುಡುಗ ಯಾರು ಎಂದು ಮುಖ ನೋಡಿಯೇ ತಿಳಿದು, ಕೇಳದೆಯೇ ಅವನ ಮುಂದೆ ರೊಟ್ಟಿ, ಪುಂಡಿಪಲ್ಯ ಇಡುವುದೂ ಅವರದೇ. ಪಗಾರ ತಿಂಗಳ ತಿಂಗಳು ಕೈಗೆ ಬರುತ್ತಿರಲಿಲ್ಲ. ಆ ವರ್ಷ ಅವ್ವನ ತವರುಮನೆಯಿಂದ ಬಂದ ಎರಡು ಚೀಲ ಜೋಳ ಆ ಹುಡುಗರ ಹೊಟ್ಟೆಗೇ ಹೋಯಿತು. ಒಂಬತ್ತಕ್ಕೆ ಒಂಬತ್ತೂ ಪಾಸು. ಫಲಿತಾಂಶ ಅಚ್ಚಾಯಿತು, ಜೋಳ ಅಚ್ಚಾಗಲಿಲ್ಲ.

ಮಳೆಗಾಲದ ಆ ಚಿತ್ರವೂ ಹೋಗಿತ್ತು. ಎರಿನೆಲ ನೆನೆದರೆ ಒಂದೊಂದು ಹೆಜ್ಜೆಗೆ ಒಂದೊಂದು ಸೇರು ಮಣ್ಣು ಕಾಲಿಗೆ ಅಂಟುವುದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಪಕ್ಕದ ಊರಿಗೆ ವರ್ಗವಾದ ಮೇಲೆ ಅಪ್ಪ ಧೋತರ ಮೊಣಕಾಲಿನ ಮೇಲೆ ಕಟ್ಟಿ, ಚಪ್ಪಲಿ ಕೈಯಲ್ಲಿ ಹಿಡಿದು ನಡೆದುಹೋಗಿ ಬರುತ್ತಿದ್ದರು. ಬಾಗಿಲಲ್ಲಿ ಒಂದು ತಂಬಿಗೆ ನೀರು, ಒಂದು ಕುರ್ಪಿ ಯಾವತ್ತೂ ಇರುತ್ತಿತ್ತು, ಕಾಲಿನ ಮಣ್ಣು ಕೆರೆಯಲಿಕ್ಕೆ. ಮನೆಯಲ್ಲಿ ಜ್ವರ ಬಂದು ಮಲಗಿದವರಿದ್ದರೂ ಆ ತಂಬಿಗೆ ತಪ್ಪಲಿಲ್ಲ ಎಂದು ಬರೆದಿದ್ದಿರಿ.

ಅಪ್ಪನೂ ಮನೆಯನ್ನು ಮರೆತವರೇನಲ್ಲ. ಗದಗ ಸಂತೆಗೆ ಹೋದರೆ ಮಕ್ಕಳಿಗೆ ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡೇ ಬರುವರು, ಹೆಣ್ಣುಮಕ್ಕಳ ತಲೆ ಬಾಚುವರು, ಮೊಮ್ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಲೇ ತೊಡೆಯ ಮೇಲೆ ಮಲಗಿಸುವರು. ಮಾಸ್ತರರೊಬ್ಬರು ಮಗಳ ಜಡೆ ಹೆಣೆಯುವುದನ್ನು ತೆಗೆದುಹಾಕಲಿಕ್ಕೆ ನನಗೆ ಹೇಗೆ ಮನಸ್ಸು ಬಂತೋ ತಿಳಿಯದು.

ನೀವು ಆರನೆಯ ಪುಟದಲ್ಲಿ ಬರೆದದ್ದು ರಾತ್ರಿಯಿಡೀ ನನ್ನ ಬೆನ್ನು ಬಿಡಲಿಲ್ಲ. ಅವ್ವ ಹೋಗಿ ಹನ್ನೊಂದು ವರ್ಷವಾಗಿತ್ತು, ಅಪ್ಪನಿಗೆ ಮರೆವು ಹಿಡಿದಿತ್ತು. ಹಳೆಯ ಶಿಷ್ಯನೊಬ್ಬ, ಅವನೂ ಮುದುಕನೇ, ಪಿಂಚಣಿಯ ಕಾಗದದಲ್ಲಿ ಜನ್ಮತಾರೀಖು ತಪ್ಪಿದೆ ಎಂದು ಕೇಳಲು ಬಂದಿದ್ದ. ಅಪ್ಪ ಅವನ ಗುರುತು ಹಿಡಿಯಲಿಲ್ಲ. ಆದರೆ ಹುಟ್ಟಿದ ವರ್ಷದ ಮಾತು ಬಂದ ಕೂಡಲೇ ಅಡಿಗೆಮನೆಯ ಕಡೆ ಮುಖ ತಿರುಗಿಸಿ, "ಏ, ಇವ ಯಾವ ವರ್ಷ ಹುಟ್ಟ್ಯಾನ, ಹೇಳ" ಎಂದು ಕೂಗಿ, ಉತ್ತರ ಬರುವವರೆಗೆ ಕಾಯುತ್ತ ಕುಳಿತರಂತೆ.

ಮುಂದಿನ ಸಂಚಿಕೆಯಲ್ಲಿ ಆರೂ ಪುಟ ಬರುತ್ತವೆ, ಒಂದಕ್ಷರವೂ ಬಿಡದೆ. ಶಾಲು ಹೊದಿಸಿ ಸತ್ಕಾರ ಮಾಡಿದ ಫೋಟೋ ನಮ್ಮ ಹತ್ತಿರ ಇದೆ, ಅದು ಸಾಕಾಗದು. ಇಬ್ಬರೂ ಇರುವ ಫೋಟೋ ಒಂದಿದ್ದರೆ, ಮಸುಕಾಗಿದ್ದರೂ ಚಿಂತೆಯಿಲ್ಲ, ಕಳಿಸಿಕೊಡಿ.

ಇನ್ನೊಂದು ಮಾತು. ಆರು ಪುಟದಲ್ಲೂ ನೀವು 'ಅವ್ವ' ಎಂದೇ ಬರೆದಿದ್ದೀರಿ. ಅವರ ಹೆಸರು ನನಗೆ ಎಲ್ಲೂ ಸಿಗಲಿಲ್ಲ. ತವರುಮನೆಯ ಊರು ಸಹಿತ ಪೂರ್ತಿ ಹೆಸರು ಬರೆದು ಈ ತಿಂಗಳ 20ರೊಳಗೆ ತಲುಪುವ ಹಾಗೆ ಕಳಿಸಬೇಕು, ಅಕ್ಕಾ. ಅಪ್ಪನ ಹೆಸರಿನ ಪಕ್ಕದಲ್ಲಿ, ಅದೇ ಅಳತೆಯ ಅಕ್ಷರದಲ್ಲಿ ಹಾಕಲು ಜಾಗ ಬಿಟ್ಟಿದ್ದೇನೆ.