ಹಾಲು ಬಿಟ್ಟ ಮಗಳು, ನಿದ್ದೆ ಬಿಟ್ಟ ಅಪ್ಪ

ಪ್ರಶ್ನೆ: ಬೆಂಗಳೂರಿನಲ್ಲಿರುವ ಮಗಳು ವೀಗನ್ ಆಗಿದ್ದಾಳೆ. ಹಾಲು, ಮೊಸರು, ತುಪ್ಪ ಯಾವುದೂ ಬೇಡವಂತೆ. ಈ ಊಟವೇ ಅಮೃತ ಅಂತ ಒಬ್ಬರು, ಮೂಳೆ ಸವೆಯುತ್ತದೆ ಅಂತ ಇನ್ನೊಬ್ಬರು. ಯಾರನ್ನು ನಂಬಲಿ?
– ಓದುಗರು, ಬ್ರಹ್ಮಾವರ

ಉತ್ತರ: ಅಡ್ಡಗೋಡೆಯೇ ಇಲ್ಲದಂತೆ ಖಡಾಖಂಡಿತ ಮಾತಾಡುವ ಯಾರನ್ನೂ ನಂಬಬೇಡಿ ಮಾರಾಯ್ರೆ. ಕರುವಿನ ಪಾಲಿನ ಹಾಲು ಬೇಡ ಅಂತ ಬಿಟ್ಟಿದ್ದರೆ ಮಗಳ ಮನಸ್ಸು ದೊಡ್ಡದು, ಆ ಬಗ್ಗೆ ತಕರಾರಿಲ್ಲ. ನನ್ನ ಜಗಳ ಆರೋಗ್ಯದ ಹೆಸರಲ್ಲಿ ತೀರ್ಪು ಕೊಡುವವರ ಜೊತೆ.

ಬ್ರಿಟನ್ನಿನ ಎಪಿಕ್-ಆಕ್ಸ್‌ಫರ್ಡ್ ಅಧ್ಯಯನ 1990ರ ದಶಕದಿಂದ ಸಾವಿರಾರು ಜನರ ಊಟ, ಆರೋಗ್ಯದ ಬೆನ್ನು ಹತ್ತಿದೆ. ಸಸ್ಯಾಹಾರಿಗಳಲ್ಲಿ ಹೃದ್ರೋಗ ಕಡಿಮೆ, ಪಾರ್ಶ್ವವಾಯು ತುಸು ಹೆಚ್ಚು ಎಂದು 2019ರಲ್ಲಿ ಹೇಳಿತು. ವೀಗನ್ನರಲ್ಲಿ ಮೂಳೆ ಮುರಿತ ಹೆಚ್ಚು ಎಂದು 2020ರಲ್ಲಿ ಹೇಳಿತು. ಯಾರು ಏನು ತಿನ್ನುತ್ತಾರೆ ಅಂತ ಗೊತ್ತಾದದ್ದು ಹೇಗೆ? ಕಳೆದ ವರ್ಷ ಏನೇನು ಎಷ್ಟೆಷ್ಟು ತಿಂದಿರಿ ಅಂತ ಫಾರ್ಮ್ ತುಂಬಿಸಿ. ನಮ್ಮಮ್ಮನಿಗೆ ಆ ಫಾರ್ಮ್ ಕೊಟ್ಟು ನೋಡಬೇಕು! ಬಸಳೆ ಹುಳಿಗೆ ಹೆರೆಮಣೆ ಮೇಲೆ ಕೂತರೆ ಅರ್ಧ ಕಾಯಿಯೋ ಮುಕ್ಕಾಲೋ ಅವರಿಗೇ ಗೊತ್ತಿರುವುದಿಲ್ಲ. ಆಚೀಚೆ ಓಡಾಡುವ ಮೊಮ್ಮಕ್ಕಳು ಬಟ್ಟಲಿನಿಂದ ಕದ್ದು ಬಾಯಿಗೆ ಹಾಕಿಕೊಂಡದ್ದನ್ನು ಯಾವ ಕಾಲಂನಲ್ಲಿ ಬರೆಯುವುದು?

ಕಾಯಿ ಅಂದಾಗ ನನ್ನ ಹಳೇ ಸಿಟ್ಟು ಏಳುತ್ತದೆ. ತೆಂಗಿನೆಣ್ಣೆ ವಿಷ ಅಂತ ನಮ್ಮನ್ನು ಹೆದರಿಸಿದರು, ಅತ್ತ ನಮ್ಮ ಅಡುಗೆಮನೆಗಳಿಗೆ ವನಸ್ಪತಿ ಡಬ್ಬಿ ಹೊಕ್ಕಿತ್ತು. ಕೊನೆಗೆ ಅದರೊಳಗಿನ ಟ್ರಾನ್ಸ್ ಕೊಬ್ಬೇ ಹೃದಯಕ್ಕೆ ಕೇಡು ಅಂತಾಗಿ, 2022ರಿಂದ ನಮ್ಮಲ್ಲಿ ಅದಕ್ಕೆ ಶೇ. 2ರ ಮಿತಿ ಬಂತು. ತೆಂಗಿನೆಣ್ಣೆಯಿಂದ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟರಾಲ್ ಏರುವುದು ಸುಳ್ಳಲ್ಲ, ಒಪ್ಪುತ್ತೇನೆ. ಆದರೆ ದಿನಕ್ಕೆ 300 ಮಿಲಿಗ್ರಾಂ ಕೊಲೆಸ್ಟರಾಲ್ ದಾಟಬೇಡಿ ಅಂತ ಮೊಟ್ಟೆಗೆ ಹೆದರಿಸಿದ್ದ ಅಮೆರಿಕ, 2015ರಲ್ಲಿ ಆ ಅಂಕಿಯನ್ನೇ ಸದ್ದಿಲ್ಲದೆ ಕೈಬಿಟ್ಟಿತಲ್ಲ! ಇಷ್ಟು ವರ್ಷ ಹಳದಿ ಎಸೆದವರಿಗೆ ಯಾರು ಲೆಕ್ಕ ಕೊಡುತ್ತಾರೆ?

ಗಟ್ಟಿಯಾಗಿ ಹೇಳಬಹುದಾದದ್ದೂ ಒಂದಿದೆ: ಬಿ12 ವಿಟಮಿನ್. ಗಿಡದ ಆಹಾರದಲ್ಲಿ ಅದು ನೆಚ್ಚಿಕೊಳ್ಳುವಷ್ಟು ಸಿಗದು. ಬೇಕಾದದ್ದು ದಿನಕ್ಕೆ 2.2 ಮೈಕ್ರೋಗ್ರಾಂ ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಲೆಕ್ಕ, ಸಾಸಿವೆಕಾಳಿಗಿಂತಲೂ ಎಷ್ಟೋ ಪಾಲು ಕಡಿಮೆ. ಲಿವರ್‌ನಲ್ಲಿ ದಾಸ್ತಾನು ಇರುವುದರಿಂದ ಕೊರತೆ ವರ್ಷಗಟ್ಟಲೆ ಕಾಣುವುದಿಲ್ಲ. ಆಮೇಲೆ ಸುಸ್ತು, ಕೈಕಾಲು ಜೋಮು. ಮಾತ್ರೆ ತೆಗೆದುಕೊಳ್ಳಲಿ, ಅದರಲ್ಲಿ ಚೌಕಾಸಿ ಬೇಡ. ಉಳಿದಂತೆ ಕುಚ್ಚಲಕ್ಕಿ ಗಂಜಿ, ಹುರುಳಿ ಚಟ್ನಿ, ಪತ್ರೊಡೆ, ಕಾಯಿ-ಬೆಲ್ಲದ ಜೊತೆ ನೀರುದೋಸೆ, ಯಾವುದರಲ್ಲಿ ಹಾಲಿದೆ ಹೇಳಿ? ಹಾಗಿರುವಾಗ ದುಬಾರಿ ಬಾದಾಮಿ ಹಾಲಿನ ಪೊಟ್ಟಣ ಯಾಕೆ?

ಅಂದಹಾಗೆ, ಮಗಳ ರಕ್ತಪರೀಕ್ಷೆಗೆ ಹೋಗುವಾಗ ನೀವೂ ತೋಳು ಚಾಚಿ. ದಿನಾ ಮೊಸರನ್ನ ಉಣ್ಣುವವರಲ್ಲೂ ಬಿ12 ಕೊರತೆ ನಮ್ಮಲ್ಲಿ ಸಾಮಾನ್ಯ.