ಮೀನು ಹೊಂಡದ ನೀರಲ್ಲಿ ಕ್ಲೋರೆಲ್ಲಾ: ಬೆಳೆಸಬಹುದು, ಔಷಧಿ ಅನ್ನಲು ಅವಸರ ಬೇಡ

ಪ್ರಶ್ನೆ: ನಮ್ಮ ಕೃಷಿ ಹೊಂಡದಲ್ಲಿ ರೋಹು, ಕಾಟ್ಲಾ ಇವೆ. ಹೊರಬಿಡುವ ನೀರಲ್ಲಿ ಕ್ಲೋರೆಲ್ಲಾ ಎಂಬ ಸೂಕ್ಷ್ಮ ಹಸಿರು ಪಾಚಿ ಬೆಳೆಸಿ, ಮೀನಿನ ಹುಣ್ಣಿಗೆ ಸಾರ ತೆಗೆಯುವ ಆಸೆ. ಆದರೆ ಹಸಿರಾಗಿದ್ದ ತೊಟ್ಟಿಯ ನೀರು ಒಂದೇ ರಾತ್ರಿಯಲ್ಲಿ ತಿಳಿಯಾಯಿತು. ಏಕೆ?
– ಓದುಗರೊಬ್ಬರು, ಬೀಳಗಿ

ಉತ್ತರ: ಬಹುಪಾಲು ರೋಟಿಫರ್ ಇಲ್ಲವೇ ಡ್ಯಾಫ್ನಿಯಾ ಎಂಬ, ಪಾಚಿ ತಿನ್ನುವ ಪುಟ್ಟ ನೀರುಜೀವಿಗಳು ಮೇಯ್ದಿರಬೇಕು. ಗಾಜಿನ ಲೋಟದಲ್ಲಿ ನೀರು ತುಂಬಿ ಬೆಳಕಿಗೆ ಹಿಡಿಯಿರಿ. ಬಿಳಿ ಚುಕ್ಕೆಗಳು ಕುಪ್ಪಳಿಸುತ್ತಿದ್ದರೆ ಡ್ಯಾಫ್ನಿಯಾ. ರೋಟಿಫರ್‌ಗೆ ಭೂತಗನ್ನಡಿ ಬೇಕು. ಬಟ್ಟೆಯಲ್ಲಿ ಸೋಸಿದರೆ ಸಾಲದು, ಮೊಟ್ಟೆಗಳು ನುಸುಳುತ್ತವೆ.

ನೀರನ್ನು ಒಂದು ದಿನ ನಿಲ್ಲಿಸಿ, ಗಸಿ ಬಿಟ್ಟು ಮೇಲಿನದಷ್ಟೇ ಸೋಸಿ. 200 ಲೀಟರಿಗೆ ಶೇ 30ರ ಬ್ಲೀಚಿಂಗ್ ಪೌಡರ್ 7 ಗ್ರಾಂ ಕದಡಿ, ಮರುದಿನ ಜೋರಾಗಿ ಗಾಳಿ ಹಾಯಿಸಿ. ವಾಸನೆ ಹೋಯಿತೆಂದು ನಂಬಬೇಡಿ: ಅಮೋನಿಯಾ ಇರುವ ನೀರಲ್ಲಿ ಕ್ಲೋರಿನ್ ಕ್ಲೋರಮೈನ್ ಆಗಿ ಉಳಿಯುತ್ತದೆ. ಹೈಪೋ (ಕ್ಲೋರಿನ್ ತೆಗೆಯುವ ಸೋಡಿಯಂ ಥಯೋಸಲ್ಫೇಟ್) ಹಾಕಿ, ಒಟ್ಟು ಕ್ಲೋರಿನ್ ತೋರಿಸುವ ಪಟ್ಟಿ ಬಣ್ಣ ತಿರುಗದಿದ್ದರೆ ಮಾತ್ರ 20ರಿಂದ 40 ಲೀಟರ್ ಶುದ್ಧ ಬೀಜ ಪಾಚಿ ಸೇರಿಸಿ. ಆಳ 20 ಸೆಂ.ಮೀ. ಮೀರದಿರಲಿ. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಶೇ 50ರ ನೆರಳು ಪರದೆ ಬೇಕೇ ಬೇಕು.

ಆವಿಯಾದಷ್ಟು ನೀರನ್ನು ಗಡಸು ಬೋರ್‌ವೆಲ್‌ನಿಂದ ತುಂಬಬೇಡಿ. ಮಧ್ಯಾಹ್ನ ಪಾಚಿ ಇಂಗಾಲದ ಡೈಆಕ್ಸೈಡ್ ಹೀರಿ ಪಿಎಚ್ 9 ದಾಟಿದಾಗ ಪಾಚಿಗೆ ಬೇಕಾದ ರಂಜಕವು ಗಡಸು ನೀರಿನ ಕ್ಯಾಲ್ಸಿಯಂ ಜೊತೆ ಗಸಿಯಾಗಿ ಇಳಿಯುತ್ತದೆ, ಪಾಚಿ ಹಳದಿಯಾಗುತ್ತದೆ. ಕಾಲುವೆ ಅಥವಾ ಮಳೆ ನೀರು ಒಳ್ಳೆಯದು.

ಇನ್ನು ಔಷಧಿ ಗುಣ. ಕ್ಲೋರೆಲ್ಲಾದ ಬ್ಯಾಕ್ಟೀರಿಯಾ ನಿರೋಧಕ ವಸ್ತುವನ್ನು 1944ರಲ್ಲೇ ‘ಕ್ಲೋರೆಲ್ಲಿನ್’ ಎಂದು ವರದಿ ಮಾಡಿದ್ದರು. ಅದು ಮುಖ್ಯವಾಗಿ ಕೊಬ್ಬಿನಾಮ್ಲಗಳ ಮಿಶ್ರಣ. ಇವು ಬ್ಯಾಕ್ಟೀರಿಯಾದ ಪೊರೆ ಹರಿಯುತ್ತವೆ. ಆದರೆ ಹುಣ್ಣಿಗೆ ಕಾರಣವಾಗುವ ಏರೊಮೊನಾಸ್ ಬ್ಯಾಕ್ಟೀರಿಯಾ ಗ್ರಾಂ-ನೆಗೆಟಿವ್ ಗುಂಪಿನದು, ಅದಕ್ಕೆ ಇನ್ನೊಂದು ಹೊರಪೊರೆಯ ರಕ್ಷಣೆ ಇದೆ, ಸುಲಭಕ್ಕೆ ಬಗ್ಗುವುದಿಲ್ಲ. ಹಾಗಾಗಿ ಮನೆಯಲ್ಲಿ ತೆಗೆದ ಸಾರವನ್ನು ಮೀನಿಗೆ ಹಾಕಲು ನಾವು ಹೇಳುವುದಿಲ್ಲ.

ಪ್ರಯೋಗಾಲಯಕ್ಕೆ ಕಳಿಸುವುದಾದರೆ ಪಾಚಿಯನ್ನು ನೆರಳಲ್ಲೇ ಒಣಗಿಸಿ, ಬಿಸಿಲಿಗೆ ಕೊಬ್ಬಿನಾಮ್ಲಗಳು ಕೆಡುತ್ತವೆ. ಎಥನಾಲ್ ಸಾರದ ಬಿಲ್ಲೆ ಪರೀಕ್ಷೆಯ (ಸಾರದಲ್ಲಿ ಅದ್ದಿದ ಕಾಗದದ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವೃತ್ತ ಮೂಡುತ್ತದೆಯೇ ಎಂದು ನೋಡುವುದು) ಪಕ್ಕದಲ್ಲೇ ಬರೀ ಎಥನಾಲ್‌ನದೂ, ಪಾಚಿ ಹಾಕದ ಅದೇ ಹೊಂಡದ ನೀರಿನ ಸಾರದ್ದೂ ಬಿಲ್ಲೆ ಇಡಲು ಕೇಳಿ. ಮೇವಿನಲ್ಲಿ ಆಂಟಿಬಯೋಟಿಕ್ ಕೊಟ್ಟಿದ್ದರೆ ಅದರ ಉಳಿಕೆಯೇ ಬ್ಯಾಕ್ಟೀರಿಯಾ ಕೊಂದು ವೃತ್ತ ಮೂಡಿಸುತ್ತದೆ, ಹೆಸರು ಮಾತ್ರ ಪಾಚಿಗೆ ಬರುತ್ತದೆ. ಅಂಥ ಹೊಂಡದ ನೀರು ಈ ಕೆಲಸಕ್ಕೆ ಬೇಡವೇ ಬೇಡ.