688 ‘ಪ್ರದರ್ಶನ’ಗಳ ಬಿಲ್ ಫೋಕ್ಸ್

ಪ್ರಿಯ ಗೆಳೆಯರೇ,

ತೀರ್ಥಹಳ್ಳಿಯಿಂದ ನೀವು ಕಳಿಸಿದ ಲೇಖನ ಹೋದ ವಾರ ಕೈಸೇರಿತು. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ ಫುಟ್‌ಬಾಲ್ ಕ್ಲಬ್ಬಿಗೆ ಅತಿ ಹೆಚ್ಚು ಕಾಲ ಆಡಿದವರನ್ನೇ ಹುಡುಕಿ ಹನ್ನೊಂದು ಜನರ ತಂಡ ಕಟ್ಟಿದ್ದೀರಿ. ಗೋಲಿಗೆ ಡೇವಿಡ್ ಡಿ ಹೆಯಾ. ಹಿಂದೆ ಗ್ಯಾರಿ ನೆವಿಲ್, ಬಿಲ್ ಫೋಕ್ಸ್, ಮಾರ್ಟಿನ್ ಬಕನ್, ಡೆನಿಸ್ ಇರ್ವಿನ್. ನಡುವೆ ರಯಾನ್ ಗಿಗ್ಸ್, ಪಾಲ್ ಸ್ಕೋಲ್ಸ್, ರಾಯ್ ಕೀನ್, ಬಾಬಿ ಚಾರ್ಲ್ಟನ್. ಮುಂದೆ ವೇಯ್ನ್ ರೂನಿ, ಎರಿಕ್ ಕಾಂಟೋನಾ. ಅಂಕಿಗಳನ್ನು ಕೂತು ತಾಳೆ ನೋಡಿದೆ. ಗಿಗ್ಸ್ 963 ಪಂದ್ಯ, ಚಾರ್ಲ್ಟನ್ 758, ಸ್ಕೋಲ್ಸ್ 718. ಎಲ್ಲ ಸರಿ ಇವೆ. ಕಾಗುಣಿತದ ತಪ್ಪಿಲ್ಲ. ನಮ್ಮ ಕಡೆಯಿಂದ ಕ್ರಿಕೆಟ್, ಕಬಡ್ಡಿ ಬಿಟ್ಟು ಫುಟ್‌ಬಾಲ್ ಬಗ್ಗೆ ಬರೆಯುವವರು ಕಡಿಮೆ. ನೀವು ಬರೆದಿರಿ, ಖುಷಿಯಾಯಿತು.

ಆದರೆ ಲೇಖನವನ್ನು ಈಗಿರುವ ಹಾಗೆ ಹಾಕಲಾರೆ. ಎರಡು ವಿಷಯ ಎರಡು ದಿನ ನನ್ನನ್ನು ಬಿಡದೆ ಕಾಡಿದವು. ಅದಕ್ಕೇ ಒಂದು ಸಾಲಿನ ಉತ್ತರ ಹಾಕಿ ಸುಮ್ಮನಾಗಲು ಆಗಲಿಲ್ಲ.

ಮೊದಲನೆಯದು ಕಾಂಟೋನಾ.

ಮೊದಲ ಪುಟದಲ್ಲಿ ನೀವೇ ಬರೆದಿದ್ದೀರಿ: ‘ಈ ತಂಡಕ್ಕೆ ಒಂದೇ ಅರ್ಹತೆ. ಎಷ್ಟು ಚೆನ್ನಾಗಿ ಆಡಿದ ಅನ್ನುವುದಲ್ಲ, ಎಷ್ಟು ಪಂದ್ಯ ಆಡಿದ ಅನ್ನುವುದಷ್ಟೇ ಲೆಕ್ಕ.’ ಒಳ್ಳೆಯ ಸಾಲು. ಅದನ್ನು ಓದಿಯೇ ನಾನು ಟೀ ಪಕ್ಕಕ್ಕಿಟ್ಟು ನೆಟ್ಟಗೆ ಕೂತದ್ದು. ಮೂರನೇ ಪುಟಕ್ಕೆ ಬಂದರೆ: ‘ಆದರೆ ಕಾಂಟೋನಾ ಇಲ್ಲದ ಯುನೈಟೆಡ್ ತಂಡವನ್ನು ಊಹಿಸಿಕೊಳ್ಳಲೂ ಆಗದು.’ ಆ ‘ಆದರೆ’ ಮೇಲೆ ಕೆಂಪು ಗೆರೆ ಎಳೆದಿದ್ದೇನೆ. ಕಾಂಟೋನಾ ಬಂದದ್ದು 1992ರ ನವೆಂಬರ್‌ನಲ್ಲಿ. ಆಟ ಬಿಟ್ಟದ್ದು 1997ರ ಮೇ ತಿಂಗಳಲ್ಲಿ. ಆಡಿದ್ದು 185 ಪಂದ್ಯ. ನಿಮಗೆ ಅವನ ಮೇಲೆ ಪ್ರೀತಿ ಇದೆ, ನನಗೂ ಇದೆ. ಆದರೂ ನಿಮ್ಮದೇ ನಿಯಮದ ಪ್ರಕಾರ ಅವನಿಗೆ ಬಾಗಿಲ ಹತ್ತಿರವೂ ಜಾಗ ಇಲ್ಲ.

ಅವನಿಗೆ ಜಾಗ ಮಾಡಿಕೊಡಲು ನೀವು ಯಾರನ್ನು ಹೊರಗಿಟ್ಟಿರಿ ಗೊತ್ತಾ? ಜೋ ಸ್ಪೆನ್ಸ್. 1919ರಿಂದ 1933ರವರೆಗೆ ಇದ್ದವನು. 510 ಪಂದ್ಯ, 168 ಗೋಲು. ಅವನ ಕಾಲದಲ್ಲಿ ಕ್ಲಬ್ಬಿಗೆ ಒಳ್ಳೆಯ ದಿನ ಬರಲೇ ಇಲ್ಲ. 1922ರಲ್ಲಿ ಕೆಳಗಿನ ಡಿವಿಷನ್ನಿಗೆ ಇಳಿಯಿತು. ಮೇಲೆ ಹತ್ತಿ ಬಂದು 1931ರಲ್ಲಿ ಮತ್ತೆ ಇಳಿಯಿತು. ಆ ಎರಡನೇ ಸಲ ಸೀಸನ್ನಿನ ಮೊದಲ 12 ಪಂದ್ಯ ಒಂದೂ ಬಿಡದೆ ಸೋತಿತ್ತು. ಆಗಲೂ ಸ್ಪೆನ್ಸ್ ಅಲ್ಲೇ ಇದ್ದ. ‘ಜೋ ಕಾಲಿಗೆ ಕೊಡ್ರೋ’ ಅಂತ ಜನ ಕೂಗುತ್ತಿದ್ದರಂತೆ. ಬೇರೆ ಯಾವ ‘ಸಾರ್ವಕಾಲಿಕ ಶ್ರೇಷ್ಠ ತಂಡ’ದಲ್ಲೂ ಅವನ ಹೆಸರು ಬರುವುದಿಲ್ಲ. ಅವನನ್ನು ಒಳಗೆ ಕರೆಯುವ ಶಕ್ತಿ ಇದ್ದದ್ದು ನಿಮ್ಮ ತಂಡಕ್ಕೆ ಮಾತ್ರ. ನೀವೂ ಕರೆಯಲಿಲ್ಲ. ನನಗೆ ಸಿಟ್ಟು ಬಂದದ್ದು ಇಲ್ಲೇ.

ಇನ್ನೊಂದು ಸಣ್ಣದು, ಆದರೆ ಅದೇ ಜಾತಿಯದು. ಡಿಫೆನ್ಸ್ ನಡುವೆ ಬಕನ್ 456, ರಿಯೊ ಫರ್ಡಿನಂಡ್ 455. ಒಂದೇ ಪಂದ್ಯದ ಅಂತರ. ನೀವು ಲೆಕ್ಕ ನೋಡಿ ಬಕನ್‌ನನ್ನು ಆರಿಸಿದಿರಿ. ಭೇಷ್. ಪಕ್ಕದ ಲೆಫ್ಟ್ ಬ್ಯಾಕ್ ಜಾಗಕ್ಕೆ ಟೋನಿ ಡನ್ 535, ಇರ್ವಿನ್ 529. ಆರು ಪಂದ್ಯದ ಅಂತರ. ಇಲ್ಲಿ ಇರ್ವಿನ್ ಬಂದ. ಯಾಕೆ ಅಂತ ಒಂದು ಮಾತೂ ಇಲ್ಲ. ಇರ್ವಿನ್ ಆಟ ಕಲರ್ ವಿಡಿಯೊದಲ್ಲಿ ಸಿಗುತ್ತದೆ, ಡನ್ ಆಡಿದ್ದು ಕಪ್ಪು ಬಿಳುಪಿನ ಕಾಲದಲ್ಲಿ. ಅದೇ ಕಾರಣ ಇರಬಹುದು ಅಂತ ನನ್ನ ಅನುಮಾನ. ಬೇರೆ ಕಾರಣ ಇದ್ದರೆ ಬರೆಯಿರಿ, ಒಪ್ಪುತ್ತೇನೆ.

ಅಂದ ಹಾಗೆ ‘ಅತಿ ಹೆಚ್ಚು ಕಾಲ’ ಅಂದರೆ ಪಂದ್ಯವೋ, ವರ್ಷವೋ? ಜಾನಿ ಕ್ಯಾರಿ 1936ರಲ್ಲಿ ಸೇರಿ 1953ರವರೆಗೆ ಆಡಿದ. 17 ವರ್ಷ. ಆದರೆ 344 ಪಂದ್ಯ. ನಡುವಿನ ವರ್ಷಗಳನ್ನು ಯುದ್ಧ ತಿಂದುಹಾಕಿತು. ಪಂದ್ಯ ಎಣಿಸಿದರೆ ಅವನು ಹೊರಗೆ, ವರ್ಷ ಎಣಿಸಿದರೆ ಒಳಗೆ. ಎರಡರಲ್ಲಿ ಯಾವುದನ್ನಾದರೂ ಹಿಡಿಯಿರಿ. ಹಿಡಿದದ್ದನ್ನು ಕೊನೆಯವರೆಗೂ ಬಿಡಬೇಡಿ.

ಇನ್ನು ಎರಡನೆಯದು. ಇದು ಜಾಸ್ತಿ ನೋಯಿಸಿತು. ಬಿಲ್ ಫೋಕ್ಸ್ ಬಗ್ಗೆ ನೀವು ಬರೆದದ್ದು ಮೂರೇ ಸಾಲು. ಒಂದೊಂದಾಗಿ ನೋಡೋಣ.

‘ಬಿಲ್ ಫೋಕ್ಸ್ ಅವರು ಕ್ಲಬ್‌ಗಾಗಿ 688 ಪ್ರದರ್ಶನಗಳನ್ನು ನೀಡಿದರು.’

ಇದನ್ನು ಜೋರಾಗಿ ಓದಿ ನೋಡಿ. ನಿಮ್ಮ ಮನೆಯಲ್ಲಿ ಯಾರಾದರೂ ಹೀಗೆ ಮಾತಾಡುತ್ತಾರಾ? ಸಿನಿಮಾ ಪೋಸ್ಟರ್ ಮೇಲೆ ‘ದಿನಕ್ಕೆ 4 ಪ್ರದರ್ಶನಗಳು’ ಅಂತ ಇರುತ್ತದೆ. ಫಲಪುಷ್ಪ ಪ್ರದರ್ಶನ ಅಂತ ಇರುತ್ತದೆ. ಫುಟ್‌ಬಾಲ್ ಆಡುವವನು ಪಂದ್ಯ ಆಡುತ್ತಾನೆ. ‘688 ಪಂದ್ಯ ಆಡಿದ.’ ಮೂರು ಪದ, ಮುಗಿಯಿತು. ಇಂಗ್ಲಿಷಿನ ಸಾಲನ್ನು ಎದುರಿಗೆ ಇಟ್ಟುಕೊಂಡು ಬರೆದಿದ್ದೀರಿ. ಅದರ ನೆರಳು ಪ್ರತಿ ಪದದ ಮೇಲೂ ಬಿದ್ದಿದೆ. ಡಿ ಹೆಯಾ ಬಗ್ಗೆ ‘ಸ್ವಚ್ಛ ಹಾಳೆಗಳನ್ನು ಕಾಯ್ದುಕೊಂಡರು’ ಅಂದಿರುವುದೂ ಇದೇ ಕಾಯಿಲೆ. ಗೋಲು ಬಿಟ್ಟುಕೊಡಲಿಲ್ಲ ಅಂದರೆ ಸಾಕಲ್ವಾ?

ಒಂದೇ ಕಡೆ ಬಹಳ ಕಾಲ ನಿಲ್ಲುವುದಕ್ಕೆ ನಮ್ಮಲ್ಲಿ ಮಾತೇ ಇಲ್ಲವಾ? ನಿಮ್ಮ ಊರಿಗೆ ಯಕ್ಷಗಾನ ಮೇಳಗಳು ಬರುತ್ತವೆ. ಅಲ್ಲಿ ಹಿರಿಯ ವೇಷಧಾರಿಗಳನ್ನು ಮಾತಾಡಿಸಿ. ‘ಈ ಮೇಳದಲ್ಲಿ ನನ್ನದು ಇಪ್ಪತ್ತು ತಿರುಗಾಟ ಆಯ್ತು’ ಅನ್ನುತ್ತಾರೆ. ತಿರುಗಾಟ. ಆ ಒಂದು ಪದದಲ್ಲಿ ರಾತ್ರಿಯಿಡೀ ಆಟ, ಬೆಳಗಿನ ಜಾವದ ಪ್ರಯಾಣ, ಮಳೆಗಾಲಕ್ಕೆ ಮನೆಗೆ ಬರುವುದು ಎಲ್ಲ ಇದೆ. ಫೋಕ್ಸ್‌ಗೆ ಆ ಪದವನ್ನೇ ಹಾಕಿ ಅನ್ನುತ್ತಿಲ್ಲ. ಬರೆಯುವ ಮೊದಲು ನಿಮ್ಮ ಕಿವಿಯಲ್ಲಿ ಇಂಥ ಪದ ಇರಲಿ ಅನ್ನುತ್ತಿದ್ದೇನೆ.

‘ಮ್ಯೂನಿಕ್ ದುರಂತದಿಂದ ಬದುಕುಳಿದ ಅವರು ತಂಡದ ಬೆನ್ನೆಲುಬಾಗಿದ್ದರು.’

ಇಷ್ಟು ದೊಡ್ಡದನ್ನು ಅರ್ಧ ಸಾಲಿನಲ್ಲಿ ದಾಟಿಬಿಟ್ಟಿರಲ್ಲ! 1958ರ ಫೆಬ್ರವರಿ 6. ಬೆಲ್‌ಗ್ರೇಡಿನಲ್ಲಿ ಆಡಿ ವಾಪಸ್ ಬರುವಾಗ ವಿಮಾನ ಇಂಧನಕ್ಕೆ ಮ್ಯೂನಿಕ್‌ನಲ್ಲಿ ಇಳಿದಿತ್ತು. ಮೂರನೇ ಸಲ ಏರಲು ಹೋದಾಗ ಅಪಘಾತಕ್ಕೀಡಾಯಿತು. 23 ಜನ ಸತ್ತರು, ಅವರಲ್ಲಿ 8 ಮಂದಿ ಆಟಗಾರರು. ಅದಾಗಿ 13 ದಿನಕ್ಕೆ, ಫೆಬ್ರವರಿ 19ರಂದು, ಶೆಫೀಲ್ಡ್ ವೆನ್ಸ್‌ಡೇ ಜೊತೆ ಪಂದ್ಯ ಇತ್ತು. ಆ ದಿನ ಮಾರಿದ ಪಂದ್ಯದ ಪುಸ್ತಕದಲ್ಲಿ ಎದುರಾಳಿಗಳ ಹೆಸರು ಅಚ್ಚಾಗಿತ್ತು. ಯುನೈಟೆಡ್ ಕಡೆ ಹನ್ನೊಂದು ಜಾಗವೂ ಖಾಲಿ. ಅಚ್ಚಿಗೆ ಹೋಗುವ ಹೊತ್ತಿಗೆ ಯಾರು ಆಡುತ್ತಾರೆ ಅಂತ ಯಾರಿಗೂ ಗೊತ್ತಿರಲಿಲ್ಲ. ಆ ಖಾಲಿ ಜಾಗಗಳಲ್ಲಿ ನಿಂತವರಲ್ಲಿ ವಿಮಾನದಲ್ಲಿ ಇದ್ದವರು ಇಬ್ಬರೇ. ಗೋಲ್‌ಕೀಪರ್ ಹ್ಯಾರಿ ಗ್ರೆಗ್ ಮತ್ತು ಫೋಕ್ಸ್. ಫೋಕ್ಸ್ ಅವತ್ತು ಕ್ಯಾಪ್ಟನ್. 3–0ರಿಂದ ಗೆದ್ದರು.

ನಿಮ್ಮ ಲೆಕ್ಕದಲ್ಲಿ ಅದೂ ಒಂದೇ ಪಂದ್ಯ. 688ರಲ್ಲಿ ಒಂದು.

ಅಲ್ಲಿಂದ ಹತ್ತು ವರ್ಷಕ್ಕೆ, 1968ರ ಮೇ ತಿಂಗಳಲ್ಲಿ, ಯುರೋಪಿಯನ್ ಕಪ್ ಸೆಮಿಫೈನಲ್‌ನ ಎರಡನೇ ಪಂದ್ಯ. ಮೊದಲನೆಯದನ್ನು ಯುನೈಟೆಡ್ ಗೆದ್ದಿತ್ತು, ಇದನ್ನು ಸರಿಸಮ ಮಾಡಿದರೂ ಸಾಕಿತ್ತು. ಮ್ಯಾಡ್ರಿಡ್‌ನಲ್ಲಿ ರಿಯಲ್ ಮ್ಯಾಡ್ರಿಡ್ ವಿರುದ್ಧ ಅರ್ಧ ಆಟಕ್ಕೆ 3–1ರಿಂದ ಹಿಂದೆ. ಆಮೇಲೆ ಒಂದು ಗೋಲು ತಿರುಗಿ ಬಂತು. ಸರಿಸಮ ಮಾಡಿದ ಮೂರನೇ ಗೋಲು ಯಾರದು? 36 ವರ್ಷದ ಫೋಕ್ಸ್‌ದು. ಅವನು ಹಿಂದೆ ನಿಂತು ತಡೆಯುವವನು. ಯುನೈಟೆಡ್‌ಗೆ ಆಡಿದ ಅಷ್ಟೂ ವರ್ಷಗಳಲ್ಲಿ ಹೊಡೆದದ್ದು ಬರೀ 9 ಗೋಲು. ಅದರಲ್ಲಿ ಇದೊಂದು. ಆ ಸಂಜೆ ಅವನು ಯಾಕೆ ಅಷ್ಟು ಮುಂದೆ ಓಡಿದ ಅಂತ ನಿಮಗೆ ಅನ್ನಿಸಲೇ ಇಲ್ಲವಾ? ಫೈನಲ್‌ನಲ್ಲಿ ಬೆನ್ಫಿಕಾವನ್ನು 4–1ರಿಂದ ಸೋಲಿಸಿ ಕಪ್ ಎತ್ತಿದರು. ಅವತ್ತು ಆಡಿದವರಲ್ಲಿ ಮ್ಯೂನಿಕ್ ಕಂಡವರು ಇಬ್ಬರು, ಚಾರ್ಲ್ಟನ್ ಮತ್ತು ಫೋಕ್ಸ್. ಇಬ್ಬರೂ ನಿಮ್ಮ ಹನ್ನೊಂದರಲ್ಲಿ ಇದ್ದಾರೆ. ಈ ಮಾತು ನಿಮ್ಮ ಲೇಖನದಲ್ಲಿ ಇಲ್ಲ.

‘ಅವರ ನಿಷ್ಠೆ ಇಂದಿನ ಆಟಗಾರರಿಗೆ ಮಾದರಿ.’

ಈ ಸಾಲನ್ನು ಪೂರ್ತಿ ತೆಗೆದುಬಿಡಿ. ಫೋಕ್ಸ್ ಸೇಂಟ್ ಹೆಲೆನ್ಸ್ ಊರಿನ ಹುಡುಗ. ಕಲ್ಲಿದ್ದಲು ಗಣಿಯಲ್ಲಿ ಕೆಲಸ. 1952ರಲ್ಲಿ ಯುನೈಟೆಡ್‌ನ ಮೊದಲ ತಂಡಕ್ಕೆ ಬಂದ ಮೇಲೂ ಗಣಿಗೆ ಹೋಗುವುದನ್ನು ನಿಲ್ಲಿಸಲಿಲ್ಲ. 1954ರಲ್ಲಿ ಇಂಗ್ಲೆಂಡ್ ತಂಡಕ್ಕೆ ಆರಿಸುವವರೆಗೂ ಅದೇ ನಡೆಯಿತು. ದೇಶಕ್ಕೆ ಅವನು ಆಡಿದ್ದು ಆ ಒಂದೇ ಪಂದ್ಯ. ಇಷ್ಟು ಬರೆದರೆ ಓದುವವನಿಗೆ ಮನುಷ್ಯ ಕಾಣುತ್ತಾನೆ. ‘ನಿಷ್ಠೆ’ ಅಂತ ಬರೆದರೆ ಏನು ಕಂಡೀತು? ನಿಮ್ಮ ಲೇಖನದಲ್ಲಿ ಆ ಪದ ಒಂಬತ್ತು ಸಲ ಇದೆ. ‘ದಂತಕಥೆ’ ಹನ್ನೊಂದು ಸಲ, ತಲೆಗೊಂದರಂತೆ.

ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಕಾರಣ ಇದೆ. ಇದೇ ತಪ್ಪು ನಾನೂ ಮಾಡಿದ್ದೇನೆ.

ಶಿವಮೊಗ್ಗದ ಪತ್ರಿಕೆಯೊಂದಕ್ಕೆ ನಾನು ಸೇರಿದ ಹೊಸತು. ಶರಾವತಿ ಹಿನ್ನೀರಿನಲ್ಲಿ ಹೊಳೆಬಾಗಿಲಿನಿಂದ ಕಳಸವಳ್ಳಿಗೆ ಜನ, ಬಸ್ಸುಗಳನ್ನು ದಾಟಿಸುವ ಲಾಂಚ್ ಓಡುತ್ತಿದ್ದ ಕಾಲ. ಲಾಂಚ್ ನಡೆಸುತ್ತಿದ್ದ ಹಿರಿಯರೊಬ್ಬರು ನಿವೃತ್ತರಾಗುವವರಿದ್ದರು. ನಾನು ಸಾಗರದಲ್ಲೇ ಕೂತು, ಅವರಿವರನ್ನು ಕೇಳಿ ಬರೆದೆ. ‘ಸಾವಿರಾರು ಬಾರಿ ಜನರನ್ನು ದಡ ಸೇರಿಸಿದ ನಿಸ್ವಾರ್ಥ ಸೇವೆ’ ಅಂತ ಶುರು. ನಮ್ಮ ಸಂಪಾದಕರು ಓದಿದರು. ಬೈಯಲಿಲ್ಲ. ‘ದಡ ಹತ್ತಿರ ಬಂದಾಗ ಅವರು ಏನ್ ಮಾಡ್ತಾರೆ?’ ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ‘ಹೋಗಿ ನೋಡ್ಕೊಂಡ್ ಬಾ’ ಅಂದು ಹಾಳೆಯನ್ನು ವಾಪಸ್ ಕೊಟ್ಟರು.

ಮಾರನೇ ದಿನ ಮೊದಲ ಬಸ್ಸಿಗೇ ಹೋದೆ. ಸಂಜೆಯವರೆಗೂ ಅವರ ಪಕ್ಕದಲ್ಲೇ ನಿಂತೆ. ದಡ ಇನ್ನೂ ದೂರ ಇರುವಾಗಲೇ ಎಂಜಿನ್ ಸದ್ದು ತಗ್ಗಿಸುತ್ತಿದ್ದರು. ಆಗ ಅವರ ಕಣ್ಣು ಲಾಂಚ್ ಮೇಲೆ ನಿಂತ ಬಸ್ಸಿನ ಟೈರಿನ ಮೇಲೆ ಇರುತ್ತಿತ್ತು. ಭಾರ ಯಾವ ಕಡೆ ಇದೆ ಅಂತ ನೋಡುವುದು. ಆಮೇಲೆ ಎಡಗೈಯನ್ನು ಸುಮ್ನೆ ಮೇಲೆತ್ತುತ್ತಿದ್ದರು. ಇಳಿಯಲು ನುಗ್ಗುತ್ತಿದ್ದ ಜನ ಅಲ್ಲೇ ನಿಲ್ಲುತ್ತಿದ್ದರು. ಬಾಯಲ್ಲಿ ಒಂದು ಮಾತಿಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗ ಮುಳುಗಡೆಯ ಮರದ ಬೊಡ್ಡೆಗಳು ಎಲ್ಲೆಲ್ಲಿ ತಲೆ ಎತ್ತುತ್ತವೆ ಅನ್ನುವುದು ಅವರಿಗೆ ಬಾಯಿಪಾಠ. ಒಂದೊಂದಕ್ಕೂ ಒಂದು ಹೆಸರು ಇಟ್ಟುಕೊಂಡಿದ್ದರು. ಎಷ್ಟು ವರ್ಷದ ಸರ್ವಿಸ್ ಅಂತ ನಾನು ಕೇಳುವುದನ್ನೇ ಮರೆತೆ. ಎರಡನೇ ಸಲ ಬರೆದದ್ದರಲ್ಲಿ ‘ಸೇವೆ’ ಅನ್ನುವ ಪದ ಬರಲಿಲ್ಲ. ಸಂಪಾದಕರು ಒಂದು ಅಲ್ಪವಿರಾಮ ತೆಗೆದು ಹಾಗೇ ಅಚ್ಚಿಗೆ ಕಳಿಸಿದರು. 2025ರ ಜುಲೈನಲ್ಲಿ ಅಲ್ಲಿ ಸೇತುವೆ ತೆರೆಯಿತು. ಈಗ ಅದರ ಮೇಲೆ ಹೋಗುವಾಗ ನನಗೆ ಆ ಎತ್ತಿದ ಎಡಗೈ ನೆನಪಾಗುತ್ತದೆ.

ನೀವು ಯುನೈಟೆಡ್‌ನ ಮೈದಾನ ಓಲ್ಡ್ ಟ್ರಾಫರ್ಡ್‌ಗೆ ಹೋಗಿ ನಿಲ್ಲಲು ಆಗುವುದಿಲ್ಲ, ಗೊತ್ತು. ಆದರೆ ಮ್ಯಾಡ್ರಿಡ್ ಪಂದ್ಯದ ತುಣುಕುಗಳು ಫೋನಿನಲ್ಲೇ ಸಿಗುತ್ತವೆ. ಫೋಕ್ಸ್ ಓಡಿ ಬರುವುದನ್ನು ಹತ್ತು ಸಲ ನೋಡಿ. ಎಲ್ಲಿಂದ ಹೊರಟ, ಚೆಂಡು ಯಾರ ಕಾಲಿನಿಂದ ಬಂತು, ಗೋಲಾದ ಮೇಲೆ ಅವನ ಕೈ ಎಲ್ಲಿತ್ತು. ನೋಡಿದ್ದನ್ನು ಮಾತ್ರ ಬರೆಯಿರಿ.

ಕಾಂಟೋನಾ ಬಗ್ಗೆ ಬೇರೆಯದೇ ಲೇಖನ ಕಳಿಸಿ, ಖಂಡಿತ ಓದುತ್ತೇನೆ. ಇದರಲ್ಲಿ ಅವನ ಜಾಗಕ್ಕೆ ಸ್ಪೆನ್ಸ್ ಬರಲಿ. ಡನ್–ಇರ್ವಿನ್ ವಿಷಯ ನಿಮ್ಮ ತೀರ್ಮಾನ, ಕಾರಣ ಮಾತ್ರ ಕೊಡಿ. ಹನ್ನೊಂದು ಜನರಿಗೂ ಸಮವಾಗಿ ಹಂಚಬೇಕು ಅಂತಿಲ್ಲ. ಗಿಗ್ಸ್‌ಗೆ ಎರಡು ಸಾಲು ಸಾಕು, ಅವನ ಬಗ್ಗೆ ಎಲ್ಲರಿಗೂ ಗೊತ್ತು. ಫೋಕ್ಸ್‌ಗೆ ಒಂದು ಪುಟ ಕೊಡಿ. ಮುಂದಿನ ತಿಂಗಳ ಎರಡನೇ ಭಾನುವಾರದ ಪುರವಣಿಯಲ್ಲಿ ನಿಮ್ಮ ಹೆಸರಿಗೆ ಜಾಗ ಬಿಟ್ಟಿರುತ್ತೇನೆ.

ನಿಮ್ಮ,
ಪುರವಣಿ ಸಂಪಾದಕ